‘ಹೆಂಗಸರಿಗೇ ಸೂಪರ್‌ವೈಸರ್ ಆಗೋದು ಬೇಡವಂತೆ!’

ಪ್ರಶ್ನೆ: ನಮ್ಮದು ಗಾರ್ಮೆಂಟ್ ಕಾರ್ಖಾನೆ. ಮಷೀನಿನ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು, ಸೂಪರ್‌ವೈಸರುಗಳು ಮಾತ್ರ ಗಂಡಸರು. ಇದನ್ನು ಸರಿಮಾಡಿ ಎಂದು ನಮ್ಮಿಂದ ಬಟ್ಟೆ ಕೊಳ್ಳುವ ಬಯರ್ ಒತ್ತಾಯಿಸುತ್ತಿದ್ದಾರೆ. ಕರೆದು ಕೇಳಿದರೆ ಯಾರೂ ಒಪ್ಪುವುದಿಲ್ಲ. ಅವರಿಗೇ ಆಸಕ್ತಿ ಇಲ್ಲದಿದ್ದರೆ ನಾವೇನು ಮಾಡುವುದು?
– ಎಚ್‌ಆರ್ ಅಧಿಕಾರಿ, ಪೀಣ್ಯ

ಉತ್ತರ: ಊರು ಬದಲಾಗುತ್ತದೆ, ಕಂಪನಿ ಬದಲಾಗುತ್ತದೆ, ಈ ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ. ಕರೆದು ಕೇಳಿದ್ದು ಎಲ್ಲಿ? ಫ್ಲೋರ್ ಇನ್‌ಚಾರ್ಜ್ ಪಕ್ಕದಲ್ಲೇ ನಿಂತಿದ್ದಾಗ ತಾನೆ? ‘ಬೇಡ ಸಾರ್’ ಅನ್ನದೆ ಇನ್ನೇನು ಅಂದಾರು?

ಅವರ ಲೆಕ್ಕ ನೋಡಿ. ಟೈಲರ್ ಆಗಿದ್ದರೆ ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲಸಕ್ಕೆ) ಕಾನೂನಿನಂತೆ ದುಪ್ಪಟ್ಟು ದರ. ಸೂಪರ್‌ವೈಸರ್ ಆದಮೇಲೆ ಎಷ್ಟು ಹೊತ್ತು ನಿಂತರೂ ಬಹಳ ಕಡೆ ಅದೇ ತಿಂಗಳ ಸಂಬಳ. ಸಂಜೆ ಲೈನ್ (ಹೊಲಿಗೆ ಮಷೀನಿನ ಸಾಲು) ಬಿಟ್ಟಮೇಲೆ ಪ್ರೊಡಕ್ಷನ್ ಮೀಟಿಂಗ್; ಅದು ಮುಗಿಯುವ ಹೊತ್ತಿಗೆ ಕಂಪನಿ ವ್ಯಾನ್ ಹೊರಟುಹೋಗಿರುತ್ತದೆ. ಪೀಸ್ ಕಡಿಮೆ ಬಿದ್ದಾಗೆಲ್ಲ ಮೇಲಿನವರಿಂದ ಬೈಸಿಕೊಳ್ಳಬೇಕು, ನಿನ್ನೆವರೆಗೆ ಜೊತೆಯಲ್ಲಿ ಬುತ್ತಿ ಬಿಚ್ಚಿದವರನ್ನು ತಾನು ಬೈಯಬೇಕು. ಸಾಕಪ್ಪ ಅನ್ನಿಸಿದರೆ ಹಿಂದಿರುಗಲು ಮಷೀನ್ ಇಲ್ಲ. ಬೇಡ ಅಂದವರಿಗೆ ನಿಮಗಿಂತ ಚೆನ್ನಾಗಿ ಲೆಕ್ಕ ಬರುತ್ತದೆ.

‘ಹೆಂಗಸರಿಗೆ ನಾಯಕತ್ವದ ಗುಣ ಕಡಿಮೆ’ ಎಂದು ಒಂದು ದಿನದ ಶಿಬಿರ ಮಾರುವ ತರಬೇತಿ ಗುರುಗಳಿದ್ದಾರಲ್ಲ, ಅವರನ್ನು ಗೇಟಿನಿಂದಲೇ ಕಳಿಸಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಕೇಂದ್ರ ಹಾಕಿದ್ದ ನಿರ್ಬಂಧದ ವಿರುದ್ಧ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದವರು ಇಂಥ ಲೈನುಗಳ ಹೆಂಗಸರೇ. ಎರಡನೇ ದಿನಕ್ಕೆ ಸರ್ಕಾರ ಹಿಂದೆ ಸರಿಯಿತು. ಯಾವ ಶಿಬಿರದ ಸರ್ಟಿಫಿಕೇಟ್ ಇತ್ತು ಅವರ ಹತ್ತಿರ?

ಮೊದಲು ಕೆಲಸವನ್ನು ತಿದ್ದಿ. ಸೂಪರ್‌ವೈಸರ್ ಸಂಬಳ, ಓಟಿ ಸೇರಿಸಿ ಟೈಲರ್ ಒಯ್ಯುವುದಕ್ಕಿಂತ ಹೆಚ್ಚಿರಲಿ. ಮೀಟಿಂಗ್ ಶಿಫ್ಟಿನೊಳಗೇ ಮುಗಿಯಲಿ. ಲೈನ್ ಬ್ಯಾಲೆನ್ಸಿಂಗ್ (ಯಾರ ಮುಂದೂ ಕೆಲಸ ರಾಶಿ ಬೀಳದಂತೆ ಹಂಚುವುದು), ಗಂಟೆವಾರು ರಿಪೋರ್ಟ್ ಬರೆಯುವುದನ್ನು ಕೆಲಸದ ವೇಳೆಯಲ್ಲಿ, ಅವರ ಭಾಷೆಯಲ್ಲಿ ಕಲಿಸಿ. ಆರು ತಿಂಗಳು ನೋಡಿ ಬೇಡವೆನಿಸಿದರೆ ಹಳೆಯ ಗ್ರೇಡಿಗೇ ಮರಳಬಹುದು ಎಂದು ಬರವಣಿಗೆಯಲ್ಲಿ ಕೊಡಿ. ಬಾಯಿಮಾತು ನಂಬಿ ಕೆಟ್ಟವರನ್ನು ತುಂಬಾ ನೋಡಿದ್ದೇನೆ. ಒಬ್ಬರನ್ನೇ ಮೇಲೇರಿಸಬೇಡಿ, ಇಬ್ಬರಾದರೂ ಇರಲಿ. ಒಬ್ಬರೇ ಇದ್ದರೆ ಅವರ ಒಂದು ತಪ್ಪು ಹೆಣ್ಣುಕುಲದ್ದೇ ತಪ್ಪಾಗಿಬಿಡುತ್ತದೆ.

ಇಂತಿಷ್ಟು ತಿಂಗಳಲ್ಲಿ ಇಂತಿಷ್ಟು ಜನ ಎಂದು ಬಯರ್‌ಗೆ ಬರೆದುಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಸಂಖ್ಯೆ ತುಂಬಿಸಲು ಎಳೆದು ಕೂರಿಸಿದವರು ಉಳಿಯುವುದಿಲ್ಲ. ಧೈರ್ಯವಿದ್ದರೆ ಆ ಬಯರನ್ನೇ ಕೇಳಿ: ಇನ್ನೂ ಬೇಗ ಡೆಲಿವರಿ ಬೇಕೆಂದು ಹಟಹಿಡಿದು ಟಾರ್ಗೆಟ್ ಏರುವಂತೆ ಮಾಡಿದವರು ಯಾರು ಸ್ವಾಮಿ?

ಪ್ರಶ್ನೆ: ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ಸಮಿತಿಗೆ ಮಾಲೀಕರ ಪತ್ನಿಯನ್ನು ಅಧ್ಯಕ್ಷೆ ಮಾಡಬಹುದೇ?

ಉತ್ತರ: ಅವರು ಅಲ್ಲೇ ಹಿರಿಯ ಹುದ್ದೆಯಲ್ಲಿ ದುಡಿಯುವವರೇ? ಅಲ್ಲವಾದರೆ ಆಗದು. 2013ರ ಕಾಯ್ದೆ ಓದಿ.

ಪ್ರಶ್ನೆ: ದೂರು ಸಾಬೀತಾಗದಿದ್ದರೆ ದೂರು ಕೊಟ್ಟವರನ್ನು ಶಿಕ್ಷಿಸಬಹುದಲ್ಲವೇ?

ಉತ್ತರ: ಇಲ್ಲ. ಸಾಕ್ಷ್ಯ ಸಾಲದ ದೂರು ಸುಳ್ಳು ದೂರಲ್ಲವೆಂದು ಅದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ.

ಪ್ರಶ್ನೆ: ಶಿಶುಪಾಲನಾ ಕೇಂದ್ರ ಮಾಡಿದ್ದೇವೆ, ಮಕ್ಕಳನ್ನೇ ಕರೆತರುವುದಿಲ್ಲ. ಮುಚ್ಚಿಬಿಡಬಹುದೇ?

ಉತ್ತರ: ಕಾರ್ಖಾನೆಯಲ್ಲಿ 50 ಜನ ಕೆಲಸಗಾರರಿದ್ದ ಮೇಲೆ ಮುಚ್ಚುವ ಮಾತೇ ಇಲ್ಲ. ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿಬರಲು ಕಾನೂನು ಬಿಟ್ಟಿದೆ. ನಿಮ್ಮ ಸೂಪರ್‌ವೈಸರ್ ಎಷ್ಟು ಸಲ ಬಿಡುತ್ತಾರೆ, ವಿಚಾರಿಸಿ ಬರೆಯಿರಿ.