ಮಗಳಿಗೆ ಕ್ಲಿಪ್ ಹಾಕಿಸಲು ಬಂದ ಅಪ್ಪ

"ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದು ಅಪ್ಪಂದಿರು ಮಕ್ಕಳನ್ನು ಕೌನ್ಸೆಲಿಂಗ್‌ಗೆ ಕರೆದುಕೊಂಡು ಬರುವುದು ನನಗೆ ಹೊಸದಲ್ಲ. ಹೆಚ್ಚಾಗಿ ಮೊಬೈಲ್ ಇರುತ್ತದೆ, ಇಲ್ಲಾ ಮಾರ್ಕ್ಸ್ ಇರುತ್ತದೆ. ಈ ಅಪ್ಪನ ದೂರು ಬೇರೆ. 14 ವರ್ಷದ ಮಗಳು ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳಲು ಒಪ್ಪುತ್ತಿಲ್ಲ. ಹಲ್ಲಿನ ಅಳತೆ ಕೊಟ್ಟ ಮೇಲೆ ಮೂರು ಸಲ ಕ್ಲಿನಿಕ್ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದಾಳೆ. ಅಡ್ವಾನ್ಸ್ ಬೇರೆ ಕಟ್ಟಿಯಾಗಿದೆ.

ಮಲೆನಾಡಿನ ಒಂದು ತಾಲ್ಲೂಕಿನ ಕುಟುಂಬ. ಅಪ್ಪನಿಗೆ 46. ಸಹಕಾರ ಸಂಘದಲ್ಲಿ ಕೆಲಸ, ಜೊತೆಗೆ ಸ್ವಲ್ಪ ತೋಟ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇಷ್ಟು ಹಿನ್ನೆಲೆ ಸಾಕು.

ಮೊದಲ ಎರಡು ಭೇಟಿಯಲ್ಲಿ ನಾನು ಹುಡುಗಿಯ ಜೊತೆಗೇ ಮಾತಾಡಿದೆ. ಅವಳ ಒಂದು ಕೋರೆಹಲ್ಲು ಸಾಲು ಬಿಟ್ಟು ಮೇಲೆ ಕೂತಿದೆ. ಕೆಳಗಿನ ಹಲ್ಲು ಸ್ವಲ್ಪ ಒತ್ತೊತ್ತಾಗಿವೆ. ಅವಳಿಗೆ ಅದರ ಬಗ್ಗೆ ಚಿಂತೆ ಇಲ್ಲ. ಗೆಳತಿಯರು ರೇಗಿಸುವುದಿಲ್ಲವಾ ಅಂತ ಕೇಳಿದೆ. "ರೇಗಿಸೋದು ಇವರೊಬ್ಬರೇ" ಎಂದು ಬಾಗಿಲ ಕಡೆ ತೋರಿಸಿದಳು. ಅಪ್ಪ ಹೊರಗೆ ಕೂತಿದ್ದರು.

ಮೂರನೇ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಅಪ್ಪ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಒಳಗೆ ಮಗಳ ಹಲ್ಲಿನ ಅಚ್ಚು, ಬಿಳಿ ಪ್ಲಾಸ್ಟರಿನದು. ದಂತವೈದ್ಯರಿಂದ ಕೇಳಿ ತಂದಿದ್ದರಂತೆ. ಪೆನ್ನಿನ ತುದಿಯಲ್ಲಿ ಒಂದೊಂದೇ ಹಲ್ಲು ಮುಟ್ಟಿ ನನಗೆ ಪಾಠ ಮಾಡಲು ಶುರು ಮಾಡಿದರು. ಇದು ಇಲ್ಲಿಗೆ ಬರಬೇಕು, ಇದಕ್ಕೆ ಜಾಗ ಇಲ್ಲ, ಈಗ ಬಿಟ್ಟರೆ ಆಮೇಲೆ ಹಲ್ಲು ಮುಂದಕ್ಕೆ ಬಾಗುತ್ತದೆ, ಜನ ಏನಂತಾರೆ, ನಾಳೆ ಇಂಟರ್ವ್ಯೂ ಅಂತ ಹೋದಾಗ ಏನು ಗತಿ. ಹತ್ತು ನಿಮಿಷ ಆಗಿರಬಹುದು. ನಾನು ಹಲ್ಲು ನೋಡುತ್ತಿರಲಿಲ್ಲ, ಅವರ ಮೀಸೆ ನೋಡುತ್ತಿದ್ದೆ. ದಪ್ಪ ಮೀಸೆ, ಮೇಲ್ದುಟಿ ಪೂರ್ತಿ ಮುಚ್ಚುವಷ್ಟು. ಮಾತು ನಿಲ್ಲಿಸಿದಾಗಲೆಲ್ಲ ಮೇಲ್ದುಟಿಯನ್ನು ಕೆಳಗೆ ಎಳೆದು ಹಲ್ಲಿನ ಮೇಲೆ ಕೂರಿಸುತ್ತಿದ್ದರು. ಅದು ಅವರಿಗೇ ಗೊತ್ತಿರಲಿಲ್ಲ ಅನಿಸುತ್ತದೆ.

ಹುಡುಗಿ ಆ ಡಬ್ಬಿಯನ್ನು ಒಂದು ಬೆರಳಲ್ಲಿ ಅಪ್ಪನ ಕಡೆ ತಳ್ಳಿದಳು.

"ಅಪ್ಪಾ, ನಿನಗೆ ಅಷ್ಟೊಂದು ಬೇಕಿದ್ರೆ ನೀನೇ ಹಾಕಿಸ್ಕೋ."

ಸಿಟ್ಟಿಗೆ ಅಂದ ಮಾತು. ಅಪ್ಪ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನಕ್ಕರು, ನಗುತ್ತಲೇ ಕೈ ಮೀಸೆಗೆ ಹೋಯಿತು. "ಈ ವಯಸ್ಸಲ್ಲಾ?" ಎಂದರು.

ನಾನು ಆ ಮಾತನ್ನು ಹಿಡಿದುಕೊಂಡೆ. ಯಾಕೆಂದರೆ ಅವರು "ನನಗ್ಯಾಕೆ" ಎನ್ನಲಿಲ್ಲ, "ಬೇಡ" ಎನ್ನಲಿಲ್ಲ. ವಯಸ್ಸಿನ ಲೆಕ್ಕ ಹಾಕಿದರು. ಆಸೆ ಇಲ್ಲದವರು ವಯಸ್ಸಿನ ಲೆಕ್ಕ ಹಾಕುವುದಿಲ್ಲ ಅಲ್ವಾ. ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ, "ನಿಮಗೆ ಯಾವಾಗಿನಿಂದ ಬೇಕಿತ್ತು?" ಎಂದು ಕೇಳಿದೆ.

ಹೈಸ್ಕೂಲಿನಲ್ಲಿ ಅವರ ಅಡ್ಡಹೆಸರು ತುರಿಮಣೆ. ಶಾಲೆಗೆ ಬಂದ ಡಾಕ್ಟರೊಬ್ಬರು, ಪೇಟೆಗೆ ಹೋಗಿ ತಂತಿ ಹಾಕಿಸಿದರೆ ಸರಿಹೋಗುತ್ತದೆ ಎಂದಿದ್ದರಂತೆ. ಮನೆಗೆ ಓಡಿ ಬಂದು ಅಪ್ಪನಿಗೆ ಹೇಳಿದ್ದಾರೆ. ಅವರಪ್ಪ ತಲೆ ಎತ್ತದೆ ಹೇಳಿದ್ದು ಇಷ್ಟು: "ಗಂಡುಹುಡುಗನಿಗೆ ಹಲ್ಲಿನ ಚಂದ ಯಾಕೆ? ಮೀಸೆ ಬಂದ್ರೆ ಮುಚ್ಕೊಳ್ಳತ್ತೆ." ಮೀಸೆ ಬಂತು. ಇವತ್ತಿನವರೆಗೂ ತೆಗೆದಿಲ್ಲ. ಮದುವೆ ಫೋಟೋದಲ್ಲೂ ಬಾಯಿ ಮುಚ್ಚಿಯೇ ಇದ್ದಾರೆ. ಮಗಳ ಕೋರೆಹಲ್ಲು ಮೇಲೆ ಬಂದ ದಿನ ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

ನಾನು ಎರಡು ಮಾತು ಹೇಳಿದೆ. ಒಂದು, ಮಗಳ ಕ್ಲಿಪ್ ಸದ್ಯಕ್ಕೆ ಬಿಡಿ. ಅವಳು ಕೇಳುವ ತನಕ ಆ ಸುದ್ದಿ ಎತ್ತಬೇಡಿ. ಇನ್ನೊಂದು, ನೀವು ಹೋಗಿ ನಿಮ್ಮ ಬಾಯಿ ತೋರಿಸಿಕೊಂಡು ಬನ್ನಿ. ಹಾಕಿಸಿಕೊಳ್ಳಿ ಅಂತ ಹೇಳುವುದು ನನ್ನ ಕೆಲಸವಲ್ಲ. ಕೇಳಿಕೊಂಡು ಬನ್ನಿ ಅಂದೆ, ಅಷ್ಟೇ.

ಮೊದಲ ಸಲಹೆ ನನಗೂ ಸುಲಭವಾಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ಮಕ್ಕಳಿಗೆ ತೊಂದರೆ ಹಲ್ಲಿನದಲ್ಲ, ದವಡೆಯದು. ಮೇಲಿನ ದವಡೆ ಮುಂದಕ್ಕೆ ಇರುತ್ತದೆ, ಇಲ್ಲಾ ಕೆಳಗಿನದು ಹಿಂದೆ ಉಳಿದಿರುತ್ತದೆ. ಅದನ್ನು ಬೆಳೆಯುವ ವಯಸ್ಸಿನಲ್ಲಿ ತಿದ್ದಬಹುದು. ಬೆಳವಣಿಗೆ ಮುಗಿದ ಮೇಲೆ ದೊಡ್ಡ ವ್ಯತ್ಯಾಸ ಸರಿ ಮಾಡಬೇಕೆಂದರೆ ಆಪರೇಷನ್ ಬೇಕಾಗುತ್ತದೆ. ಹಾಗಾಗಿ ಹುಡುಗಿಯ ವೈದ್ಯರಿಗೆ ನಾನೇ ಫೋನ್ ಮಾಡಿದೆ, ಮನೆಯವರ ಒಪ್ಪಿಗೆ ತಗೊಂಡು. ಇವಳ ದವಡೆ ಸರಿ ಇದೆ, ಜಾಗ ಸಾಲದೆ ಹಲ್ಲು ಮೇಲೆ ಬಂದಿದೆ, ಎರಡು ಮೂರು ವರ್ಷ ಬಿಟ್ಟು ಮಾಡಿದರೂ ಆಗುತ್ತದೆ, ಚೆನ್ನಾಗಿ ಉಜ್ಜಿಕೊಳ್ಳಲಿ ಎಂದರು. ಆಮೇಲಷ್ಟೇ ನನಗೆ ಧೈರ್ಯ ಬಂದದ್ದು. ದವಡೆಯ ತೊಂದರೆ ಇದ್ದಿದ್ದರೆ ಇಷ್ಟು ನಿರಾಳವಾಗಿ "ಬಿಡಿ" ಎನ್ನುತ್ತಿರಲಿಲ್ಲ. ಇದನ್ನು ಓದಿ ಯಾರೂ ಮಕ್ಕಳ ಚಿಕಿತ್ಸೆ ನಿಲ್ಲಿಸಬೇಡಿ.

ಎರಡನೇ ಸಲಹೆಗೆ ನನ್ನ ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. "ಮಗಳ ಓದಿನ ಖರ್ಚು ಮುಂದಿದೆ, ನೀನು ಅಪ್ಪನಿಗೆ ಶೋಕಿ ಕಲಿಸಿದೆ" ಎಂದರು. ಶೋಕಿಯೋ ಏನೋ. ಒಂದು ಬಾಯಿಯ ಸಾಲವನ್ನು ಇನ್ನೊಂದು ಬಾಯಿಂದ ತೀರಿಸಲು ಆಗುವುದಿಲ್ಲ ಅಂತ ನನ್ನ ಅನುಭವ. ನನ್ನ ಬಳಿ ಬರುವ ಮನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಒಬ್ಬರಿಗೆ ಕ್ಲಿಪ್, ಒಬ್ಬರಿಗೆ ಭರತನಾಟ್ಯ, ಒಬ್ಬರಿಗೆ ಮೆಡಿಕಲ್ ಸೀಟು. ಅಪ್ಪ ಅಮ್ಮನಿಗೆ ಆಗದ್ದನ್ನು ಮಕ್ಕಳ ಮೈಮೇಲೆ ಹೊಲಿಯುವುದು. ಭರತನಾಟ್ಯವನ್ನು 46ಕ್ಕೆ ಶುರು ಮಾಡಿ ಅನ್ನೋದು ಸ್ವಲ್ಪ ಕಷ್ಟವೇ. ಹಲ್ಲಿಗೆ ಆ ತೊಂದರೆ ಇಲ್ಲ.

ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿರುವುದಿಲ್ಲ. ನಡುವೆ ತೆಳ್ಳಗೆ ನಾರಿನ ಪದರ ಇರುತ್ತದೆ. ತಂತಿ ಮೆಲ್ಲಗೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಲ್ಲು ಬಿಟ್ಟು ಬಂದ ಕಡೆ ಹೊಸ ಮೂಳೆ ಕಟ್ಟುತ್ತದೆ. ತಿಂಗಳಿಗೆ ಹೆಚ್ಚೂಕಡಿಮೆ 1 ಮಿ.ಮೀ. ಇದು 14ಕ್ಕೂ ನಡೆಯುತ್ತದೆ, 46ಕ್ಕೂ ನಡೆಯುತ್ತದೆ. ದೊಡ್ಡವರಲ್ಲಿ ಸ್ವಲ್ಪ ನಿಧಾನ. ವೈದ್ಯರು ವಯಸ್ಸಿಗಿಂತ ಜಾಸ್ತಿ ನೋಡುವುದು ವಸಡನ್ನು.

ಈ ಅಪ್ಪ ಬಾಯಿ ತೋರಿಸಲು ಹೋದಾಗ ಸಿಕ್ಕಿಬಿದ್ದದ್ದೂ ಅದೇ. ಇಪ್ಪತ್ತೈದು ವರ್ಷದ ಎಲೆ ಅಡಿಕೆ. ವಸಡು ಸಡಿಲವಾಗಿ, ಮೂಳೆ ಇಳಿದು, ಮೊದಲೇ ಮುಂದಿದ್ದ ಹಲ್ಲು ಇನ್ನಷ್ಟು ಮುಂದೆ ಬಂದಿದ್ದವು, ನಡುವೆ ಸಂದು ಬೇರೆ. ಈ ಸ್ಥಿತಿಯಲ್ಲಿ ತಂತಿ ಎಳೆದರೆ ಉಳಿದ ಮೂಳೆಯೂ ಹೋಗುತ್ತದೆ. ಮೊದಲು ವಸಡಿನ ಒಳಗಿನವರೆಗೆ ಕ್ಲೀನಿಂಗ್, ಸಕ್ಕರೆ ಪರೀಕ್ಷೆ, ಅಡಿಕೆ ಪೂರ್ತಿ ಬಂದ್. ಕೆಲವು ತಿಂಗಳು ಬಿಟ್ಟು ವಸಡು ನೋಡಿ ಮುಂದಿನ ಮಾತು. ಅಡಿಕೆ ಸೀಮೆಯಲ್ಲಿ ಕೂತು ಅಡಿಕೆಯ ಮೇಲೆ ಬರೆಯುವುದು ನನಗೂ ಮುಜುಗರ. ನಮ್ಮ ಮನೆಯೂ ಅದರಿಂದಲೇ ನಡೆದದ್ದು. ಆದರೆ ಅಗಿಯುವ ಅಡಿಕೆ ಕ್ಯಾನ್ಸರ್ ತರುತ್ತದೆ ಎಂಬುದು ಈಗ ವಾದದ ವಿಷಯವಾಗಿ ಉಳಿದಿಲ್ಲ. ಅವರ ಹೆಂಡತಿ ನನಗೆ ಫೋನಿನಲ್ಲಿ ಹೇಳಿದ ಮಾತು ಇನ್ನೂ ನಗು ತರಿಸುತ್ತದೆ. "ಇಪ್ಪತ್ತು ವರ್ಷ ನಾನು ಹೇಳಿದ್ದಕ್ಕೆ ಬಿಡಲಿಲ್ಲ ಮೇಡಂ. ತಂತಿ ಹೇಳಿದ್ದಕ್ಕೆ ಬಿಟ್ರು."

ಐದು ತಿಂಗಳ ನಂತರ ಕ್ಲಿಪ್ ಹಾಕಿದರು. ಹಲ್ಲುಗಳ ನಡುವೆ ಸಂದು ಇದ್ದುದರಿಂದ ಹಲ್ಲು ಕೀಳಬೇಕಾಗಲಿಲ್ಲ. ಮಗಳಿಗೆ ಕಟ್ಟಿದ್ದ ಅಡ್ವಾನ್ಸ್ ಇವರ ಲೆಕ್ಕಕ್ಕೆ ಹೋಯಿತು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದೊಡ್ಡವರಾದ ಮೇಲೆ ಕ್ಲಿಪ್ ಬೇಕು ಅನಿಸಿದರೆ ನಾಚಿಕೆ ಪಡಬೇಡಿ, ಅವಸರವನ್ನೂ ಪಡಬೇಡಿ. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಆರು ತಿಂಗಳಲ್ಲಿ ಮದುವೆ ಇದೆ, ಅಷ್ಟರೊಳಗೆ ಆಗಲಿ ಅಂತ ಬರುವವರು ಇನ್ನೊಬ್ಬರಿಗಾಗಿ ಬಂದಿರುತ್ತಾರೆ. ಅಂಥವರಿಗೆ ನಾನು ಕಾಯಿರಿ ಅನ್ನುತ್ತೇನೆ. ದಂತವೈದ್ಯರ ಪದವಿ ಬಿಡಿಎಸ್ ಆದ ಮೇಲೆ, ಹಲ್ಲು ಸಾಲು ಮಾಡುವ ಇದೇ ವಿಷಯದಲ್ಲಿ ಮೂರು ವರ್ಷದ ಸ್ನಾತಕೋತ್ತರ ಪದವಿ ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ಅವರ ಹತ್ತಿರವೇ ಹೋಗಿ. ದುಡ್ಡು ಕಷ್ಟವಾದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ತಂತಿಯ ಬದಲು ಕಾಣದಂಥ ಅಲೈನರ್, ಅಂದರೆ ತೆಗೆದು ಹಾಕುವ ಪಾರದರ್ಶಕ ಕವಚ ಬೇಕು ಅಂದರೆ ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು, ತಿನ್ನುವಾಗ ಕುಡಿಯುವಾಗ ತೆಗೆಯಬೇಕು. ಗಂಟೆಗೊಮ್ಮೆ ಕಾಫಿ ಕುಡಿಯುವವರು ಯೋಚಿಸಿ. ಕ್ಲಿಪ್ ತೆಗೆದ ಮೇಲೂ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಇದ್ದೇ ಇರುತ್ತದೆ. ಹೆಚ್ಚಿನವರು ರಾತ್ರಿ ಹೊತ್ತು ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಹಲ್ಲು ಹಳೆಯ ಜಾಗ ಹುಡುಕಿಕೊಂಡು ಹೊರಡುತ್ತದೆ.

ಮೊದಲ ವಾರ ಅವರು ಗಂಜಿ, ಮೊಸರನ್ನದಲ್ಲೇ ಕಳೆದರು. ಕೆನ್ನೆಯ ಒಳಗೆ ಹುಣ್ಣು, ತಂತಿ ಬಿಗಿ ಮಾಡಿದಾಗಲೆಲ್ಲ ಮೂರು ನಾಲ್ಕು ದಿನ ನೋವು. ಸಂಕ್ರಾಂತಿಗೆ ಮಗಳು ಸಕ್ಕರೆ ಅಚ್ಚನ್ನು ಬೇಕಂತಲೇ ಅಪ್ಪನ ಎದುರು ಕಟಕಟ ಕಡಿದು ತಿಂದಳಂತೆ. ಆಮೇಲೆ ಕೋಡುಬಳೆಯನ್ನು ಕುಟ್ಟಿ ಮೊಸರಿಗೆ ಹಾಕಿ ಕೊಟ್ಟದ್ದೂ ಅವಳೇ.

ಮೊನ್ನೆ ಅಪ್ಪನ ಫೋನ್ ಬಂತು. ಕ್ಲಿಪ್ ಹಾಕಿ ಎಂಟು ತಿಂಗಳಾಗಿದೆ, ಮಾತು ಈಗ ತೊದಲುವುದಿಲ್ಲ.

"ಮೇಡಂ, ಆ ಹಲ್ಲಿನ ಅಚ್ಚಿನ ಡಬ್ಬಿ ನಿಮ್ಮ ಹತ್ರವೇ ಉಳಿದಿದೆಯಾ? ಮಗಳು ಕೇಳ್ತಿದ್ದಾಳೆ."

"ಇದೆ. ಯಾಕಂತೆ?"

"ಕೇಳಿಲ್ಲ ಮೇಡಂ. ಕೇಳೋಕೆ ಹೆದರಿಕೆ."

ಒಂದು ವರ್ಷ ದಾಟಿದ ಅಚ್ಚು, ಚಿಕಿತ್ಸೆ ಶುರು ಮಾಡುವುದಾದರೆ ಹೊಸದೇ ತೆಗೆಯಬೇಕಾಗುತ್ತದೆ. ಅದನ್ನು ಹೇಳಲಿಲ್ಲ. ಸಂತೆಗೆ ಬಂದಾಗ ಅವಳನ್ನೇ ಕಳಿಸಿ, ಕೊಡ್ತೀನಿ ಎಂದೆ.