ಫರೋಗಳು ಒಡಹುಟ್ಟಿದವರನ್ನೇ ಮದುವೆಯಾಗಬೇಕೆಂಬ ನಿಯಮವಿತ್ತೇ?

ಪ್ರಾಚೀನ ಈಜಿಪ್ಟಿನ ದೇವರುಗಳಂತೆ ಅಲ್ಲಿನ ದೊರೆಗಳೂ ಒಡಹುಟ್ಟಿದವರನ್ನೇ ಮದುವೆಯಾಗಬೇಕಿತ್ತೇ, ಸಿಂಹಾಸನದ ಹಕ್ಕು ಹೆಣ್ಣುಮಕ್ಕಳ ಮೂಲಕ ಬರುತ್ತಿದ್ದುದೇ ಅದಕ್ಕೆ ಕಾರಣವೇ ಎಂದು ನೀವು ಕೇಳಿದ್ದೀರಿ. ಅಂಥ ಮದುವೆಗಳು ನಡೆದದ್ದು ನಿಜ. ಆದರೆ ಅದು ನಿಯಮವಾಗಿರಲಿಲ್ಲ. ನೀವು ಹೇಳಿದ ಕಾರಣವನ್ನೂ ನಾನು ಒಪ್ಪಲಾರೆ.

ಹೀಲಿಯೊಪೊಲಿಸ್ ನಗರದ ಸೃಷ್ಟಿಕಥೆಯಲ್ಲಿ ಮೊದಲು ಇದ್ದವನು ಆಟುಮ್ ಒಬ್ಬನೇ. ಅವನಿಂದ ಶೂ ಮತ್ತು ತೆಫ್ನುತ್, ಅವರಿಂದ ಗೆಬ್ ಮತ್ತು ನುತ್, ಆ ದಂಪತಿಯಿಂದ ಒಸಿರಿಸ್, ಐಸಿಸ್, ಸೆತ್, ನೆಫ್ತಿಸ್ ಹುಟ್ಟಿದರು. (ಭೂಮಿಯನ್ನು ತಾಯಿ ಎನ್ನುವ ನಮಗೆ ವಿಚಿತ್ರವೆನಿಸಬಹುದು, ಅಲ್ಲಿ ಭೂಮಿಯಾದ ಗೆಬ್ ಗಂಡು, ಆಕಾಶವಾದ ನುತ್ ಹೆಣ್ಣು.) ಬೇರೊಂದು ಕುಲವೇ ಇಲ್ಲದ ಆ ಲೋಕದಲ್ಲಿ ಒಸಿರಿಸ್ ಐಸಿಸಳನ್ನೂ ಸೆತ್ ನೆಫ್ತಿಸಳನ್ನೂ ವರಿಸಿದ್ದು ಸಹಜವೇ ಆಗಿತ್ತು. ತಮ್ಮನಾದ ಸೆತ್‌ನ ಕೈಯಲ್ಲಿ ಹತನಾದ ಗಂಡನ ದೇಹವನ್ನು ಹುಡುಕಿ, ಅದಕ್ಕೆ ಮತ್ತೆ ಜೀವಶಕ್ತಿ ತುಂಬಿ, ಅವನಿಂದ ಹೋರಸನನ್ನು ಪಡೆದ ಐಸಿಸಳೇ ಪತ್ನೀಧರ್ಮದ ಆದರ್ಶವಾದಳು. ಪ್ರತಿಯೊಬ್ಬ ಫರೋ ಬದುಕಿರುವಾಗ ಹೋರಸ್, ಸತ್ತ ಮೇಲೆ ಒಸಿರಿಸ್ ಎನಿಸಿಕೊಂಡನು. ಆದ್ದರಿಂದ ದೊರೆ ಸೋದರಿಯನ್ನು ಮದುವೆಯಾದಾಗ, ತಾನು ಸಾಮಾನ್ಯ ಮನುಷ್ಯರ ಸಾಲಿನವನಲ್ಲ, ದೇವರ ಸಾಲಿನವನು ಎಂದು ಸಾರಿದಂತಾಗುತ್ತಿತ್ತು ಎಂಬುದು ನನ್ನ ತಿಳಿವಳಿಕೆ.

ರಾಜಕುಮಾರಿಯನ್ನು ವರಿಸಿದವನಿಗೇ ಪಟ್ಟ ಎಂಬ ವಾದವನ್ನು ಹಿಂದೆ ಅನೇಕ ವಿದ್ವಾಂಸರು ನಂಬಿದ್ದರು. ಅದು ನಿಜವಾಗಿದ್ದರೆ ಫರೋ ಮೂರನೆಯ ಅಮೆನ್‌ಹೊಟೆಪ್‌ನ ಪಟ್ಟದರಾಣಿ ತಿಯೆ ರಾಜನ ಮಗಳಾಗಿರಬೇಕಿತ್ತು. ಆದರೆ ಅವಳ ತಂದೆ ಯುಯ, ತಾಯಿ ಥುಯ, ಇಬ್ಬರೂ ರಾಜವಂಶದವರಲ್ಲ. ದೊರೆ ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಜೀರುಂಡೆಯಾಕಾರದ ಮುದ್ರೆಗಳ ಮೇಲೆ ಅತ್ತೆಮಾವಂದಿರ ಹೆಸರುಗಳನ್ನು ಕೆತ್ತಿಸಿ, ಅವಳು ದಕ್ಷಿಣದಲ್ಲಿ ಕರೋಯ್‌ನಿಂದ (ನ್ಯೂಬಿಯಾದ, ಅಂದರೆ ಇಂದಿನ ಸುಡಾನಿನ, ಒಂದು ಪ್ರದೇಶ) ಉತ್ತರದಲ್ಲಿ ನಹರಿನ್‌ವರೆಗೆ (ಸಿರಿಯಾದ ಕಡೆಯ ಮಿತನ್ನಿ ರಾಜ್ಯ) ಆಳುವ ಬಲಶಾಲಿಯ ಹೆಂಡತಿ ಎಂದು ಬರೆಸಿದನು. ಈ ಒಂದು ಸಾಕ್ಷ್ಯವೇ ಆ ವಾದವನ್ನು ಕೆಡವಲು ಸಾಕು.

ಈ ದೊರೆ ಬ್ಯಾಬಿಲೋನಿನ ರಾಜಕುಮಾರಿಯರನ್ನು ತನ್ನ ಅರಮನೆಗೆ ತಂದುಕೊಂಡನು, ಆದರೆ ಬ್ಯಾಬಿಲೋನಿನ ದೊರೆ ಹೆಣ್ಣು ಕೇಳಿದಾಗ, ಈಜಿಪ್ಟಿನ ರಾಜಪುತ್ರಿಯನ್ನು ಹೊರಗಿನವರಿಗೆ ಕೊಟ್ಟ ಪದ್ಧತಿಯೇ ಇಲ್ಲವೆಂದು ನಿರಾಕರಿಸಿದನು. ಹೀಗಾಗಿ ಅನೇಕ ರಾಜಕುಮಾರಿಯರಿಗೆ ಸರಿಸಮಾನ ವರರು ಅರಮನೆಯೊಳಗಷ್ಟೇ ಉಳಿದರು.

ಒಂದು ಎಚ್ಚರಿಕೆಯ ಮಾತು: ಈಜಿಪ್ಟಿನ ಪ್ರೇಮಗೀತೆಗಳಲ್ಲಿ ನಲ್ಲೆಯನ್ನು 'ಸೋದರಿ' ಎಂದೇ ಕರೆಯಲಾಗಿದೆ. ಹೆಂಡತಿಗೂ ಆ ಪದ ಬಳಕೆಯಲ್ಲಿತ್ತು. ಜನಸಾಮಾನ್ಯರ ಶಾಸನಗಳಲ್ಲಿ ಅದನ್ನು ಕಂಡ ಮಾತ್ರಕ್ಕೆ ಅವರು ಒಡಹುಟ್ಟಿದವರೆಂದು ತೀರ್ಮಾನಿಸಬಾರದು.

ಅರಮನೆಯ ಮಟ್ಟಿಗೆ ಪುರಾವೆ ದೇಹಗಳಲ್ಲಿಯೇ ಉಳಿದಿದೆ. 2010ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಫರೋ ಟುಟಾಂಖಾಮನ್‌ನ ತಂದೆತಾಯಿ ಒಡಹುಟ್ಟಿದವರೆಂದು ಸೂಚಿಸಿತು. ಅವನ ಹೆಂಡತಿ ಆಂಖೆಸೆನಾಮುನ್, ಅವನ ತಂದೆಯೆಂದು ಹಲವರು ಭಾವಿಸುವ ಫರೋ ಅಖೆನಾತನ್‌ನ ಮಗಳು; ಹಾಗಿದ್ದರೆ ಅವಳೂ ಅವನಿಗೆ ಸೋದರಿಯೇ. ಅವನ ಸಮಾಧಿಯಲ್ಲಿ, ಚಿಕ್ಕ ಶವಪೆಟ್ಟಿಗೆಗಳೊಳಗೆ, ಎರಡು ಹೆಣ್ಣು ಭ್ರೂಣಗಳು ದೊರೆತವು.