ಸ್ಯಾಂಪಲ್ ಏರಿಸುವ ಮುಂಚೆ ಕಿಟಕಿ ನೋಡಿ

ಡೊಂಬಿವಲಿಯಿಂದ: ಮೇಡಂ, ನಮ್ಮ ಫ್ಲ್ಯಾಟಿನ ನಡುಮನೆಯ 3D ಮಾದರಿಯನ್ನು ಬ್ಲೆಂಡರ್ ಸಾಫ್ಟ್‌ವೇರ್‌ನ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್ ಮಾಡಿ ಚಿತ್ರ ತೆಗೆಯುತ್ತಿದ್ದೇನೆ. ಒಂದೇ ಕಿಟಕಿ, ಹಗಲು ಬೆಳಕು. ಪ್ರತಿ ಪಿಕ್ಸೆಲ್‌ಗೆ 4096 ಸ್ಯಾಂಪಲ್, ಅಂದರೆ ಅಷ್ಟು ಪರೀಕ್ಷಾ ಕಿರಣ, ಕೊಟ್ಟರೂ ಗೋಡೆ ತುಂಬ ಬಿಳಿ ಚುಕ್ಕೆ. ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲೇ?

ಬೇಡ. ಪುಣೆ, ಮುಂಬೈ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ದುಡ್ಡು ಸುರಿಯುವ ಮುಂಚೆ ಲೆಕ್ಕ ಹಾಕಿ. ಚುಕ್ಕೆ ಅರ್ಧಕ್ಕೆ ಇಳಿಯಲು ಸ್ಯಾಂಪಲ್ 4 ಪಟ್ಟು ಬೇಕು, ಹತ್ತನೇ ಒಂದಕ್ಕೆ ಇಳಿಯಲು 100 ಪಟ್ಟು. ಎರಡು ಪಟ್ಟು ವೇಗದ ಕಾರ್ಡ್ ತಂದರೂ ಅಷ್ಟೇ ಹೊತ್ತಿನಲ್ಲಿ ಚುಕ್ಕೆ ಮೂರನೇ ಒಂದು ಪಾಲೂ ತಗ್ಗುವುದಿಲ್ಲ.

ಕಿಟಕಿಗೆ ಗಾಜು ಹಾಕಿದ್ದೀರಿ, ಅಲ್ವಾ? ತೊಂದರೆ ಅಲ್ಲೇ ಇರಬೇಕು. ಗೋಡೆಯ ಪ್ರತಿ ಬಿಂದುವಿನಿಂದ ಸೂರ್ಯನ ಕಡೆಗೆ, ಆಕಾಶದ ಕಡೆಗೆ ಒಂದು ಶ್ಯಾಡೋ ರೇ ಹೊರಟು ದಾರಿ ತೆರೆದಿದೆಯಾ ಎಂದು ನೋಡುತ್ತದೆ. ಬೆಳಕನ್ನು ಬಗ್ಗಿಸುವ ಗಾಜು ಅದಕ್ಕೆ ಮುಚ್ಚಿದ ಬಾಗಿಲಿದ್ದ ಹಾಗೆ. ಆಮೇಲೆ ಬೆಳಕು ಸಿಗುವುದು, ಯಾವುದೋ ಕಿರಣ ಅಲ್ಲಿ ಇಲ್ಲಿ ಪುಟಿದು ಅಕಸ್ಮಾತ್ ಗಾಜು ದಾಟಿ ಸೂರ್ಯನನ್ನು ಮುಟ್ಟಿದರೆ ಮಾತ್ರ. ಅಂಥ ಅಪರೂಪದ ಕಿರಣವೇ ನಿಮ್ಮ ಬಿಳಿ ಚುಕ್ಕೆ. ಗಾಜನ್ನು ತೆಗೆದುಬಿಡಿ. ಕಾಣಲೇಬೇಕು ಅಂದರೆ ಲೈಟ್ ಪಾತ್ ನೋಡ್ (ಕಿರಣ ಯಾವ ಬಗೆಯದು ಎಂದು ಗುರುತಿಸುವ ಘಟಕ) ಹಾಕಿ, ಶ್ಯಾಡೋ ರೇಗೆ ಮಾತ್ರ ಗಾಜನ್ನು ಟ್ರಾನ್ಸ್‌ಪರೆಂಟ್ ಮಾಡಿ. ಆಕಾಶದ ಬೆಳಕಿಗಾಗಿ ಕಿಟಕಿಯ ಅಳತೆಯ ಏರಿಯಾ ಲೈಟ್ ಇಟ್ಟು ಪೋರ್ಟಲ್ ಆನ್ ಮಾಡಿ. ಆಗ ಕಿರಣಗಳು ಸುಮ್ನೆ ಗೋಡೆಗೆ ಬಡಿಯುವುದು ತಪ್ಪಿ ಕಿಟಕಿಯ ಕಡೆಗೇ ಹೋಗುತ್ತವೆ.

ಗೋಡೆಯ ಬಣ್ಣವನ್ನೂ ನೋಡಿ. ಅಪ್ಪಟ ಬಿಳಿ ಅಂತ 1.0 ಇಟ್ಟರೆ 10 ಸಲ ಪುಟಿದರೂ ಬೆಳಕು ಒಂದಿಷ್ಟೂ ಕುಗ್ಗುವುದಿಲ್ಲ. 0.8 ಇಟ್ಟರೆ ಸುಮಾರು ಶೇ 11 ಉಳಿಯುತ್ತದೆ. ಬಂದ ಬೆಳಕನ್ನೆಲ್ಲ ವಾಪಸ್ ಕಳಿಸುವ ಸುಣ್ಣ ಯಾವ ಊರಲ್ಲೂ ಇಲ್ಲ.

ಉಳಿದ ಚುಕ್ಕೆ ಒರೆಸುವ ಡಿನಾಯ್ಸರ್ ಇಷ್ಟೆಲ್ಲ ಆದ ಮೇಲೆ, ಆಲ್ಬೆಡೊ (ಮೇಲ್ಮೈಯ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈಯ ದಿಕ್ಕು) ಪಾಸ್ ಎರಡನ್ನೂ ಕೊಟ್ಟು.

ಕೋಥ್ರೂಡ್‌ನಿಂದ: ‘ಒಂದೇ ಕ್ಲಿಕ್‌ಗೆ ಹತ್ತು ಪಟ್ಟು ವೇಗ’ ಎಂದು ಸೆಟ್ಟಿಂಗ್ ಫೈಲ್ ಮಾರುತ್ತಾರೆ. ಕೊಳ್ಳಬಹುದೇ?

ಖಂಡಿತ ಬೇಡ. ನಿಮ್ಮ ಕೋಣೆಯನ್ನೇ ನೋಡದವರು ಅದಕ್ಕೆ ಮದ್ದು ಹೇಗೆ ಕೊಟ್ಟಾರು? ಬೌನ್ಸ್ (ಕಿರಣ ಎಷ್ಟು ಸಲ ಪುಟಿಯಬೇಕು ಎಂಬುದು) ಕಡಿದು, ಕ್ಲ್ಯಾಂಪ್ (ಕಿರಣದ ಹೊಳಪಿನ ಮಿತಿ) ಬಿಗಿ ಮಾಡಿದರೆ ಯಾರಿಗಾದರೂ ವೇಗ ಬರುತ್ತದೆ, ಚುಕ್ಕೆಯೂ ಹೋಗುತ್ತದೆ. ಜೊತೆಗೆ ಮೂಲೆಗಳ ಬೆಳಕೂ ಹೋಗುತ್ತದೆ. ಕಲಿಯುವ ಮಕ್ಕಳಿಂದ ಹೀಗೆ ದುಡ್ಡು ಕೀಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಡಗಾವ್‌ನಿಂದ: ಆ್ಯನಿಮೇಶನ್‌ಗೆ ಫ್ರೇಮಿಗೆ 32 ಸ್ಯಾಂಪಲ್, ಮೇಲೆ ಡಿನಾಯ್ಸರ್. ಸಾಕಲ್ವಾ?

ಸಾಲದು. ಒಂದೊಂದು ಫ್ರೇಮನ್ನೂ ಬೇರೆ ಬೇರೆಯಾಗಿ ಒರೆಸಿದರೆ ಗೋಡೆ ಮಿನುಗುತ್ತದೆ.